ಎಣಿಕೆಯೇ ವಿದ್ಯೆಗೆ ಅಳತೆಯೇ?

ವೈದ್ಯ ಸಂಶೋಧಕನೊಬ್ಬನ ಯೋಗ್ಯತೆಯನ್ನು ನಿರ್ಣಯಿಸುವುದು ಹೇಗೆ? ಈಗಿನ ಸಮಿತಿಗಳಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಆತನು ಪ್ರಕಟಿಸಿದ ಲೇಖನಗಳೆಷ್ಟು, ಇತರರು ಅವನ್ನು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ, ಈ ಎರಡು ಅಂಕೆಗಳು ದೊರೆತರೆ ಸಾಕು. ಲೇಖನವನ್ನು ಓದುವ ಶ್ರಮವೇ ಇಲ್ಲ. ಸ್ತ್ರೀಯರ ಗರ್ಭಕಂಠದ ಏಡಿಗಂತಿ, ಎಂದರೆ ಕ್ಯಾನ್ಸರಿನ, ಸಂಶೋಧನೆಯ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಪದ್ಧತಿಯನ್ನು ಪರೀಕ್ಷಿಸಬೇಕೆಂದು ನಮ್ಮ ವಾಚಕರನ್ನು ಕೋರುತ್ತೇವೆ.

ಉಲ್ಲೇಖಗಳ ಸೂಚಿಯನ್ನು ಅಮೆರಿಕೆಯ ಯೂಜೀನ್ ಗಾರ್‌ಫೀಲ್ಡರು 1964ರಲ್ಲಿ ಹೊರತಂದರು. ಒಂದು ಸಿದ್ಧಾಂತವನ್ನು ಮುಂದೆ ಯಾರು ಯಾರು ಚರ್ಚಿಸಿದರೆಂಬುದನ್ನು ಹುಡುಕಲು ಅದು ನೆರವಾಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಮತ್ತೊಂದು ಅಂಕವನ್ನು ಸೂಚಿಸಿದರು. ಒಬ್ಬನ ಇಪ್ಪತ್ತು ಲೇಖನಗಳು ತಲಾ ಇಪ್ಪತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಆತನ ಅಂಕ 20. ದಾರಿ ತೋರಲು ನೆಟ್ಟ ಕೈಮರವು ಹೀಗೆ ಕ್ರಮೇಣ ತಕ್ಕಡಿಯಾಗಿ ಪರಿಣಮಿಸಿತು.

ಗ್ರೀಸಿನಿಂದ ಅಮೆರಿಕೆಗೆ ಬಂದ ಜಾರ್ಜ್ ಪಾಪನಿಕೊಲಾವ್ ಎಂಬವರು ಲೇಪಪರೀಕ್ಷೆಯಿಂದ ಈ ರೋಗವನ್ನು ಗುರುತಿಸಬಹುದೆಂದು 1928ರಲ್ಲಿಯೇ ನಿರೂಪಿಸಿದರು. ವೈದ್ಯಲೋಕವು ಅದನ್ನು ಬಹುಮಟ್ಟಿಗೆ ಅಲಕ್ಷಿಸಿತು. ಟ್ರಾಟ್ ಎಂಬವರೊಡನೆ ಬರೆದ 1941ರ ಲೇಖನವೂ 1943ರ ಗ್ರಂಥವೂ ಬಂದ ಮೇಲೆಯೇ ಅವರ ಮಾತಿಗೆ ಬೆಲೆ ಬಂದಿತು. ನಡುವಿನ ಹದಿಮೂರು ವರ್ಷಗಳಲ್ಲಿ ಎಣಿಕೆಯ ಸಮಿತಿಯೊಂದು ಕುಳಿತಿದ್ದರೆ ಅವರ ಗತಿ ಏನಾಗುತ್ತಿತ್ತು? 1970ರ ದಶಕದಲ್ಲಿ ವಿದ್ವಾಂಸರಲ್ಲಿ ಅನೇಕರು ಹರ್ಪಿಸ್ ವೈರಾಣುವೇ ರೋಗಕಾರಣವೆಂದು ಶಂಕಿಸುತ್ತಿದ್ದಾಗ, ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ನರು ಪಾಪಿಲೋಮ ವೈರಾಣುವಿನ ಕಡೆಗೆ ಬೆರಳು ತೋರಿದರು. ಅವರಿಗೆ ನೊಬೆಲ್ ಪಾರಿತೋಷಕವು ದೊರೆತದ್ದು 2008ರಲ್ಲಿ. ಸತ್ಯವು ಬಹುಮತದ ಬೆನ್ನುಹತ್ತಿ ಬರುವುದಿಲ್ಲ.

ಪಾಠಶಾಲೆಯಲ್ಲಿ ಶಾಸ್ತ್ರವನ್ನೋದಿದವರು ಇನ್ನೊಂದು ಸಂಗತಿಯನ್ನು ಬಲ್ಲರು. ಶಾಸ್ತ್ರಕಾರರು ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ಎತ್ತಿ ಹೇಳುವುದು ಅದನ್ನು ಖಂಡಿಸುವುದಕ್ಕಾಗಿಯೇ. ಮಂಡನೆಗಾಗಿ ಎತ್ತಿದ ಮಾತು, ಖಂಡನೆಗಾಗಿ ಎತ್ತಿದ ಮಾತು, ಇವೆರಡರ ಭೇದವನ್ನು ಬರಿಯ ಎಣಿಕೆಯು ಅರಿಯದು.

ನಮ್ಮ ಬೀದರ, ಕಲಬುರ್ಗಿಗಳ ನೆರೆಯ ಉಸ್ಮಾನಾಬಾದು ಜಿಲ್ಲೆಯಲ್ಲಿ, ಎಂದರೆ ಈಗಿನ ಧಾರಾಶಿವದಲ್ಲಿ, 1999ರಲ್ಲಿ ಆರಂಭವಾದ ಪರೀಕ್ಷೆಯನ್ನು ನೋಡೋಣ. ಮೂವತ್ತರಿಂದ ಐವತ್ತೊಂಬತ್ತು ವಯಸ್ಸಿನ 1,31,746 ಮಂದಿ ಸ್ತ್ರೀಯರು ಇದಕ್ಕೆ ಒಳಪಟ್ಟರು. 2009ರಲ್ಲಿ ಪ್ರಕಟವಾದ ವರದಿಯಂತೆ, ವೈರಾಣುಪರೀಕ್ಷೆಗೆ ಒಳಗಾದ ವರ್ಗದಲ್ಲಿ ಈ ರೋಗದಿಂದ ಸತ್ತವರು 34 ಮಂದಿ. ತಪಾಸಣೆಯ ಏರ್ಪಾಡಿಲ್ಲದ ವರ್ಗದಲ್ಲಿ 64 ಮಂದಿ. ವೈರಾಣುಪರೀಕ್ಷೆಯಿಂದ ಮರಣವು ಅರ್ಧದಷ್ಟು ತಗ್ಗುವುದೆಂದು ಜಗತ್ತಿಗೆ ತಿಳಿಯಿತು. ಒಂದು ವರ್ಗವನ್ನು ತಪಾಸಣೆಯಿಲ್ಲದೆ ಬಿಟ್ಟದ್ದು ನ್ಯಾಯವೇ ಎಂಬ ಆಕ್ಷೇಪವೂ ಎದ್ದಿತು. ಇಂತಹ ಲೇಖನದ ಗುಣವನ್ನಾಗಲಿ ದೋಷವನ್ನಾಗಲಿ ಯಾವ ಅಂಕೆಯು ತಿಳಿಸೀತು? ಆ 64 ಮಂದಿ ತಾಯಂದಿರಿಗೆ ಯಾವ ಸೂಚಿಯಲ್ಲಿ ಸ್ಥಾನ?

ನಮ್ಮ ಅಧಿಕಾರಿವರ್ಗವು ಮಾಡಿದ್ದೇನು? ಬಡ್ತಿಯ ಲೆಕ್ಕಕ್ಕೆ ಲೇಖನದ ಮೊದಲ ಇಬ್ಬರು ಕರ್ತೃಗಳನ್ನು ಮಾತ್ರ ಹಿಡಿಯತಕ್ಕದ್ದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2015ರಲ್ಲಿ ವಿಧಿಸಿತು. ಹಲವರು ಕೂಡಿ ದುಡಿದಲ್ಲದೆ ಮೇಲೆ ಹೇಳಿದಂತಹ ಪರೀಕ್ಷೆಯು ನಡೆಯುವಂತಿಲ್ಲ; ಆ ವಿಧಿಯಂತೆ ಮೂರನೆಯವರಿಂದಾಚೆಗೆ ಎಲ್ಲರಿಗೂ ಸೊನ್ನೆ! 2020ರಲ್ಲಿ ಆ ಪರಿಷತ್ತೇ ಹೋಯಿತು. ಎಣಿಕೆಯ ಚಟ ಮಾತ್ರ ಹೋಗಲಿಲ್ಲ. ಬೇಡಿಕೆಯಿದ್ದಲ್ಲಿ ಸರಕು ಬಾರದಿರುವುದುಂಟೇ? ಹಣ ತೆತ್ತರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ತಲೆಯೆತ್ತಿದವು. ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು 2018ರಲ್ಲಿ 4,305 ಪತ್ರಿಕೆಗಳನ್ನು ತನ್ನ ಪಟ್ಟಿಯಿಂದ ಕಿತ್ತುಹಾಕಬೇಕಾಯಿತು.

ಅಂಕೆಗಳಿಲ್ಲದಿದ್ದರೆ ಶಿಫಾರಸು, ನಂಟಸ್ತಿಕೆ, ಜಾತಿಗಳು ಒಳನುಗ್ಗುವುವೆಂದು ಕೆಲವರು ವಾದಿಸಬಹುದು. ಈ ಭಯವು ನಿರಾಧಾರವಾದುದೆಂದು ನಾವು ಹೇಳಲಾರೆವು. ಆದರೆ ಅಂಕೆಯು ಸಾಕ್ಷಿಯಾಗಿರಲಿ; ನ್ಯಾಯಾಧೀಶನ ಪೀಠವೇರುವುದು ಬೇಡ. ಅಭ್ಯರ್ಥಿಯು ತನ್ನ ಶ್ರೇಷ್ಠವಾದ ಐದು ಲೇಖನಗಳನ್ನು ಒಪ್ಪಿಸಲಿ. ಹೊರನಾಡಿನ ವಿದ್ವಾಂಸರು ಅವನ್ನು ಓದಿ, ತಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆದು ರುಜು ಹಾಕಲಿ. ಆ ಲೇಖನದಿಂದ ಯಾವ ಆಸ್ಪತ್ರೆಯ ಚಿಕಿತ್ಸೆ ಸುಧಾರಿಸಿತು, ಯಾವ ಹಳ್ಳಿಗೆ ತಪಾಸಣೆ ತಲುಪಿತು ಎಂಬುದನ್ನು ಕೇಳಲಿ. ಪತ್ರಿಕೆಯ ಅಂಕದಿಂದ ಲೇಖನವನ್ನಾಗಲಿ ವಿಜ್ಞಾನಿಯನ್ನಾಗಲಿ ಅಳೆಯಬಾರದೆಂದು 2013ರಲ್ಲಿ ಪ್ರಕಟವಾದ ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆಯೂ ಸಾರಿದೆ.

2022ರ ಅಂತರರಾಷ್ಟ್ರೀಯ ಅಂದಾಜಿನಂತೆ, ಆ ಒಂದೇ ವರ್ಷದಲ್ಲಿ ಭರತಖಂಡದಲ್ಲಿ ಸುಮಾರು 80,000 ಮಂದಿ ಸ್ತ್ರೀಯರು ಈ ರೋಗಕ್ಕೆ ಬಲಿಯಾದರು. ಮುಂಚೆಯೇ ಕಂಡರೆ ತಡೆಯಬಹುದಾದ ರೋಗವಿದು. ವಿದ್ವಾಂಸರ ಲೇಖನಗಳನ್ನು ಎಣಿಸುವವರು ಈ ಅಂಕೆಯನ್ನೂ ಒಮ್ಮೆ ಎಣಿಸಿ ನೋಡಲಿ. ಇದು ಇಳಿಯುವಂತೆ ಮಾಡಿದವನೇ ನಿಜವಾದ ಸಂಶೋಧಕನೆಂದು ನಾವು ಭಾವಿಸುತ್ತೇವೆ.