ಪೆಟ್ಟಿಗೆ ಕ್ಯಾಮೆರಾ ಮತ್ತು ವಿಜ್ಞಾನ ಬೋಧನೆ

ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಸಿದ್ಧ ಉಪಕರಣಗಳನ್ನು ಕೊಳ್ಳುವ ಸಲಹೆ ಬಂದಿದೆಯೆಂದು ತಿಳಿದು ಸಂತೋಷವಾಯಿತು. ಆದರೆ ಆ ಹಣದ ಒಂದು ಪಾಲನ್ನು ಬಡಗಿ ಕೆಲಸದ ಮೇಜಿಗೂ ನಾಲ್ಕು ಹಲಗೆಗಳಿಗೂ ಮೀಸಲಿಡಬೇಕೆಂಬುದು ನನ್ನ ಬಿನ್ನಹ.

1986ರ ಮಳೆಗಾಲ ಕಳೆದ ಮೇಲೆ, ಮೇಲಿನ ತರಗತಿಯ ಮಕ್ಕಳೊಡನೆ ನಾನೊಂದು ಪೆಟ್ಟಿಗೆ ಕ್ಯಾಮೆರಾ ಕಟ್ಟಿದೆನು. ಮಸೂರವೆಂದರೆ ಅಂಗಡಿಯಲ್ಲಿ ಸಿಗುವ ಭೂತಗನ್ನಡಿ. ಅದನ್ನು ಕಿಟಕಿಯೆದುರು ಹಿಡಿದಾಗ ದೂರದ ಅಡಕೆ ತೋಟವು ಕಾಗದದ ಮೇಲೆ ತಲೆಕೆಳಗಾಗಿ ಮೂಡಿತು. ಅಳೆದು ನೋಡಿದರೆ ಸಂಗಮದೂರ 20 ಸೆಂಟಿಮೀಟರ್. ಪೆಟ್ಟಿಗೆಯ ಉದ್ದ ಅಲ್ಲಿಯೇ ನಿಶ್ಚಯವಾಯಿತು. ವಸ್ತು ಒಂದು ಮೀಟರ್ ಹತ್ತಿರ ಬಂದರೆ ಪ್ರತಿಬಿಂಬ 25 ಸೆಂಟಿಮೀಟರಿಗೆ ಸರಿಯುವುದರಿಂದ, ಒಂದರೊಳಗೊಂದು ಜಾರುವ ಎರಡು ಪೆಟ್ಟಿಗೆಗಳು ಬೇಕಾದವು. ಊರಿನ ಆಚಾರಿಯವರು ಹಲಸಿನ ಹಲಗೆ ಹೊಂದಿಸಿಕೊಟ್ಟರು. ಕಾಸರಗೋಡಿನ ಮಳೆಯಲ್ಲಿ ಮರ ಉಬ್ಬುತ್ತದೆಂದು ಎರಡರ ನಡುವೆ ತುಸು ಎಡೆ ಬಿಡಿಸಿ, ಬೆಳಕು ನುಸುಳದಂತೆ ಮಖಮಲ್ಲಿನ ಪಟ್ಟಿ ಅಂಟಿಸಿದರು. ಒಳಗೆ ಹೊಳೆಯುವ ಬಣ್ಣ ಕೂಡದು. ದೀಪದ ಮಸಿಯನ್ನು ಅಂಟಿನಲ್ಲಿ ಕಲಸಿ ಬಳಿದೆವು. ಮಸೂರದ ಮುಂದೆ ಒಂದು ಸೆಂಟಿಮೀಟರಿನ ರಂಧ್ರವಿದ್ದ ರಟ್ಟು. ಚಿತ್ರದ ಅಳತೆ 4×5 ಅಂಗುಲ. ಸ್ಟುಡಿಯೋದಿಂದ ತಂದ 8×10ರ ಬ್ರೋಮೈಡ್ ಕಾಗದದಲ್ಲಿ ಸರಿಯಾಗಿ ನಾಲ್ಕು ತುಂಡು. ಇಷ್ಟು ದೊಡ್ಡ ಚಿತ್ರವಾದರೆ ಹಿಗ್ಗಿಸುವ ಯಂತ್ರದ ಹಂಗಿಲ್ಲ. ಕಾಗದದ ಮೇಲೆ ಕಾಗದವಿಟ್ಟು ಪ್ರತಿ ತೆಗೆಯಬಹುದು.

ಇದೇನೂ ಹೊಸ ಸಾಹಸವಲ್ಲ. 1835ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ಎಂಬ ವಿದ್ವಾಂಸನು ತನ್ನೂರಾದ ಲೇಕಾಕಿನಲ್ಲಿ ಬಳಸಿದುದು ಇಂತಹವೇ ಮರದ ಪೆಟ್ಟಿಗೆಗಳನ್ನು. ಅವು ತೀರ ಪುಟ್ಟವು. ಅವನ ಮಡದಿ ಅವುಗಳನ್ನು ಇಲಿಬೋನುಗಳೆಂದು ಕರೆದಳಂತೆ.

ಮೂವರು ಮಕ್ಕಳನ್ನು ಜಗಲಿಯ ನೆರಳಿನಲ್ಲಿ, ಎರಡು ಮೀಟರ್ ದೂರದಲ್ಲಿ ನಿಲ್ಲಿಸಿ, ಹಿಂದಿನ ಮಬ್ಬುಗಾಜಿನಲ್ಲಿ ಮುಖಗಳನ್ನು ಸ್ಪಷ್ಟಪಡಿಸಿಕೊಂಡೆನು. ಗಾಜು ತೆಗೆದು ಕಾಗದದ ಚೌಕಟ್ಟನ್ನಿರಿಸಿ, ಮುಚ್ಚಳ ತೆರೆದು ಮೂರು ಎಣಿಸಿ ಮುಚ್ಚಿದೆನು. ಚಿತ್ರದಲ್ಲಿ ಮೂರು ಮುಖಗಳೂ ಮಸುಕು! ಮಕ್ಕಳು ಅಲುಗಿದರೆಂದು ಗದರಿಸಿ ಮತ್ತೆ ತೆಗೆದೆನು, ಅದೇ ಫಲ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಾಸ್ಟ್ರೇ, ಮುಂದಿನ ಹೂವಿನ ಕುಂಡ ಸರಿಯಾಗಿ ಬಂದಿದೆಯಲ್ಲ?” ಎಂದಳು. ಕುಂಡವಿದ್ದುದು ಸುಮಾರು 1.4 ಮೀಟರಿನಲ್ಲಿ. ಅವಳೇ ಕರಿಹಲಗೆಯ ಮೇಲೆ ಮಸೂರದ ಸೂತ್ರ ಬರೆದು ಲೆಕ್ಕ ಹಾಕಿದಳು. ಎರಡು ಮೀಟರಿನ ಮುಖಕ್ಕೆ ಕಾಗದ 22.2 ಸೆಂಟಿಮೀಟರಿನಲ್ಲಿರಬೇಕು, ಕುಂಡ ಸ್ಪಷ್ಟವಾಗಬೇಕಾದರೆ 23.3ರ ಆಸುಪಾಸಿನಲ್ಲಿರಬೇಕು. ವ್ಯತ್ಯಾಸವು ಚೌಕಟ್ಟಿನ ಹಲಗೆಯ ದಪ್ಪದಷ್ಟೇ! ಗಾಜು ನಿಂತಲ್ಲಿಯೇ ಕಾಗದವೂ ನಿಲ್ಲಬೇಕೆಂಬುದನ್ನು ನಾನು ಮರೆತಿದ್ದೆನು. ಸುಮ್ಮನೆ ಗದರಿಸಿದುದಕ್ಕೆ ಮಕ್ಕಳೆದುರು ನಾಚಿದೆನು.

ಗಡಿನಾಡಿನ ನಮ್ಮ ಪಾಲಕರಲ್ಲಿ ಅನೇಕರು “ಕನ್ನಡದಲ್ಲಿ ವಿಜ್ಞಾನ ಕಲಿತು ಪ್ರಯೋಜನವೇನು” ಎಂದು ಕೇಳುತ್ತ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣೆನು. ಉದ್ಯೋಗದ ಚಿಂತೆ ಯಾರನ್ನೂ ಬಿಟ್ಟಿಲ್ಲ. ಆದರೆ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿದ ನನ್ನ ತಪ್ಪನ್ನು ಆ ಹುಡುಗಿ ಹಿಡಿದುದು ಪೀನಮಸೂರ, ಸಂಗಮದೂರ, ಪ್ರತಿಬಿಂಬ ಎಂಬ ಮಾತುಗಳಿಂದಲೇ. ಅವು ಅವಳಿಗೆ ಬಾಯಿಪಾಠದ ಮಾತುಗಳಾಗಿ ಉಳಿದಿರಲಿಲ್ಲ. ಕೊಂಡು ತಂದ ಉಪಕರಣದಲ್ಲಿ ಇಂತಹ ತಪ್ಪಿಗೆ ಎಡೆಯೇ ಇರುವುದಿಲ್ಲ. ಅದು ಗಾಜಿನ ಕಪಾಟಿನಿಂದ ವರ್ಷಕ್ಕೊಮ್ಮೆ ಹೊರಬರುತ್ತದೆ, ಅಷ್ಟೇ.

ಮೊಬೈಲಿನಲ್ಲಿ ಕ್ಷಣಕ್ಕೊಂದು ಚಿತ್ರ ತೆಗೆಯುವ ಮಕ್ಕಳಿಗೆ ಇದೇಕೆಂದು ಕೆಲವರು ನಗಬಹುದು. ಬ್ರೋಮೈಡ್ ಕಾಗದವೂ ಈಗ ದುಬಾರಿ. ಕಾಗದ ಸಿಗದಿದ್ದರೆ ಮಬ್ಬುಗಾಜಿನಲ್ಲಿ ಪ್ರತಿಬಿಂಬ ನೋಡಿ ಅಳೆದರೂ ಅರ್ಧ ಪಾಠ ಆದಂತೆ. ಹಳೆಯ ಪೆಟ್ಟಿಗೆ ನಮ್ಮ ಮನೆಯ ಅಟ್ಟದಲ್ಲಿದೆ. ಮಸೂರಕ್ಕೆ ಬೂಷ್ಟು ಹಿಡಿದಿದ್ದರೂ ಹಲಸಿನ ಮರ ಗಟ್ಟಿಯಾಗಿದೆ. ಆಡಳಿತ ಸಮಿತಿಯವರು ಒಪ್ಪಿದಲ್ಲಿ ಮಾದರಿಗಾಗಿ ತಂದೊಪ್ಪಿಸುವೆನು.