ಎರವಲು ಕೊಡಬಾರದ ಕ್ಯಾಪ್ಸೂಲು

ಯಡ್ರಾಮಿ ಸುತ್ತಿನ ಹಳ್ಳಿಗಳಲ್ಲಿ ಸಂಜೆ ಹೊತ್ತು ಹಿರಿಯರು ಕಟ್ಟೆಯ ಮೇಲೆ ಕೂತರೆ, ಮಳೆಯ ಮಾತು, ತೊಗರಿ ರೇಟಿನ ಮಾತು ಮುಗಿದ ಮೇಲೆ ಕಾಲಿನ ಉರಿಯ ಮಾತು ಬಂದೇ ಬರುತ್ತದೆ. ‘ಅಂಗಾಲು ಕೆಂಡ ತುಳಿದಂಗ ಆಗ್ತದ’ ಎಂದು ಒಬ್ಬರು, ‘ನನಗ ಇರವಿ ಹರದಂಗ’ ಎಂದು ಇನ್ನೊಬ್ಬರು. ಮೂರನೆಯವರು ಅಂಗಿಯ ಕಿಸೆಯಿಂದ ಒಂದು ಸ್ಟ್ರಿಪ್ ತೆಗೆದು, ‘ಇದೊಂದು ರಾತ್ರಿ ನುಂಗಿ ನೋಡು, ಛಲೋ ನಿದ್ದಿ ಬರ್ತದ’ ಎಂದು ಎರಡು ಕ್ಯಾಪ್ಸೂಲು ಕತ್ತರಿಸಿ ಕೊಡುತ್ತಾರೆ. ಎಲೆ-ಅಡಿಕೆ ಹಂಚಿದಷ್ಟೇ ಸಲೀಸು.

ಆ ಸ್ಟ್ರಿಪ್ಪಿನಲ್ಲಿ ಬಹಳ ಸಲ ಇರುವುದು ಪ್ರಿಗ್ಯಾಬಲಿನ್ ಎಂಬ ಔಷಧ. ಇದರ ಬಗ್ಗೆ ಅಜ್ಜ-ಅಜ್ಜಿಯರ ಜೊತೆಗೆ ಮೊಮ್ಮಕ್ಕಳಿಗೂ ಹೇಳಲು ಒಂದು ಕಾರಣವಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಡುವಿನವರು ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗಿರುತ್ತಾರೆ. ಊರಲ್ಲಿ ಉಳಿದವರು ಮುತ್ಯಾ, ಅಮ್ಮ ಮತ್ತು ಶಾಲೆಗೆ ಹೋಗುವ ಮಕ್ಕಳು. ಗುಳಿಗೆಯ ಮೇಲಿನ ಸಣ್ಣ ಅಕ್ಷರ ಓದಬಲ್ಲ ಕಣ್ಣು ಆ ಮನೆಯಲ್ಲಿ ಆರನೆಯದೋ ಏಳನೆಯದೋ ತರಗತಿಯ ಹುಡುಗಿಯದೇ.

ಮಕ್ಕಳೇ, ನರವೆಂದರೆ ಮನೆಯ ಕರೆಂಟಿನ ವೈರು ಇದ್ದ ಹಾಗೆ. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದಲೋ, ಸರ್ಪಸುತ್ತು ಬಂದು ಹೋದ ಮೇಲೋ ವೈರು ಕೆಡುತ್ತದೆ. ಆಗ ಏನೂ ತಾಗದಿದ್ದರೂ ‘ಉರಿ, ಉರಿ’ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತಲೇ ಇರುತ್ತದೆ. ಪ್ರಿಗ್ಯಾಬಲಿನ್ ಆ ಸುದ್ದಿಯ ಗದ್ದಲವನ್ನು ತಗ್ಗಿಸುತ್ತದೆ. ಕೆಲವು ಬಗೆಯ ಮೂರ್ಛೆರೋಗಕ್ಕೆ ಬೇರೆ ಔಷಧದ ಜೊತೆ ಇದನ್ನೂ ಕೊಡುತ್ತಾರೆ. ಸದಾ ಕಾಡುವ ಆತಂಕದ ಕಾಯಿಲೆಗೂ ಯುರೋಪಿನ ದೇಶಗಳಲ್ಲಿ ಇದಕ್ಕೆ ಒಪ್ಪಿಗೆ ಇದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಿಚರ್ಡ್ ಸಿಲ್ವರ್‌ಮನ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಔಷಧ 2004ರಲ್ಲಿ ಒಪ್ಪಿಗೆ ಪಡೆಯಿತು. ತಮಾಷೆಯೆಂದರೆ, ಅವರು ಅಂದುಕೊಂಡ ದಾರಿಯಲ್ಲಿ ಅದು ಕೆಲಸ ಮಾಡುವುದಿಲ್ಲ, ಬೇರೆಯೇ ದಾರಿಯಲ್ಲಿ ಮಾಡುತ್ತದೆ ಎಂಬುದು ಆಮೇಲೆ ಗೊತ್ತಾಯಿತು!

ಇದು ಮೈಕೈ ನೋವಿನ ಮಾಮೂಲಿ ಗುಳಿಗೆಯಲ್ಲ. ಹೊಲದಲ್ಲಿ ಬಗ್ಗಿ ಸೊಂಟ ಹಿಡಿದದ್ದಕ್ಕೆ, ಮೊಣಕಾಲು ಸವೆದದ್ದಕ್ಕೆ ಇದನ್ನು ನುಂಗಿದರೆ ತಲೆ ತಿರುಗುವುದಷ್ಟೇ ಲಾಭ.

ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ಎಡಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರಬಾರದು ಎಂದು ಅದರ ಅರ್ಥ. ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಔಷಧದ ನಿಜವಾದ ಹೆಸರು ಅದರ ಕೆಳಗೆ ಸಣ್ಣದಾಗಿ ಇರುತ್ತದೆ. ಎಡವುವುದು ಇಲ್ಲಿಯೇ. ಯಡ್ರಾಮಿಯ ಡಾಕ್ಟರು ಕಾಲುರಿಗೆ ಒಂದು ಕ್ಯಾಪ್ಸೂಲು ಬರೆದಿರುತ್ತಾರೆ. ಮುಂದಿನ ತಿಂಗಳು ಕಲಬುರಗಿಗೆ ಹೋದಾಗ ಅಲ್ಲಿಯ ಎಲುಬಿನ ಡಾಕ್ಟರು ಇನ್ನೊಂದು ಬರೆಯುತ್ತಾರೆ. ಹಳೆಯ ಚೀಟಿಯನ್ನು ಅಜ್ಜ ಮನೆಯಲ್ಲೇ ಬಿಟ್ಟು ಹೋಗಿರುತ್ತಾರೆ. ಎರಡರ ಹೆಸರೂ ಬೇರೆ, ಬಣ್ಣವೂ ಬೇರೆ. ಒಂದರಲ್ಲಿ ಪ್ರಿಗ್ಯಾಬಲಿನ್ ಜೊತೆ ಮಿಥೈಲ್‌ಕೊಬಾಲಮಿನ್ ಎಂಬ ಬಿ-12 ಜೀವಸತ್ವ, ಇನ್ನೊಂದರಲ್ಲಿ ಪ್ರಿಗ್ಯಾಬಲಿನ್ ಜೊತೆ ನಾರ್ಟ್ರಿಪ್ಟಿಲಿನ್. ಎರಡೂ ನುಂಗಿದ ಅಜ್ಜನ ಹೊಟ್ಟೆಗೆ ಒಂದೇ ಔಷಧ ದುಪ್ಪಟ್ಟು! ಬ್ಯಾಂಕಿನಲ್ಲಿ ಚೆಕ್ಕಿನ ಅಂಕಿಯೂ ಅಕ್ಷರವೂ ತಾಳೆಯಾಗದೆ ನಾವು ಹಣ ಕೊಡುತ್ತಿರಲಿಲ್ಲ. ಮಕ್ಕಳೇ, ನೀವೂ ಚೀಟಿ ಮತ್ತು ಸ್ಟ್ರಿಪ್ ಪಕ್ಕಪಕ್ಕ ಇಟ್ಟು, ಸಣ್ಣ ಅಕ್ಷರದ ಹೆಸರು, ಮಿಲಿಗ್ರಾಂ, ಅವಧಿ ಮುಗಿಯುವ ತಿಂಗಳು ಮೂರನ್ನೂ ತಾಳೆ ನೋಡಿ. 75 ಬರೆದ ಕಡೆ 150 ಬಂದಿದ್ದರೆ ಅಂಗಡಿಯವರನ್ನು ಕೇಳಲು ನಾಚಬೇಡಿ. ಜನೌಷಧಿ ಮಳಿಗೆಯ ಸ್ಟ್ರಿಪ್ಪಿನ ಮೇಲೆ ಮೂಲ ಹೆಸರೇ ಇರುವುದರಿಂದ ಈ ಗೊಂದಲ ಕಡಿಮೆ, ಬೆಲೆಯೂ ಕಡಿಮೆ.

ಒಬ್ಬರಿಗೆ ಹಿತವಾದದ್ದು ಪಕ್ಕದವರಿಗೆ ಯಾಕೆ ಆಗದು? ಉತ್ತರ ಮೂತ್ರಪಿಂಡದಲ್ಲಿದೆ. ಈ ಔಷಧ ಬಹುಮಟ್ಟಿಗೆ ಹೇಗೆ ಒಳಹೋಯಿತೋ ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ವಯಸ್ಸಾದಂತೆ, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದಂತೆ ಮೂತ್ರಪಿಂಡದ ಕೆಲಸ ನಿಧಾನವಾಗುತ್ತದೆ. ಆಗ ಔಷಧ ಮೈಯಲ್ಲೇ ಉಳಿದು ಕೂಡುತ್ತ ಹೋಗುತ್ತದೆ. ಅದಕ್ಕೇ ಡಾಕ್ಟರು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ನೋಡಿ ಪ್ರಮಾಣ ಗೊತ್ತು ಮಾಡುತ್ತಾರೆ. ಕಟ್ಟೆಯ ಮೇಲೆ ಕೂತವರಿಗೆ ಆ ಲೆಕ್ಕ ಹೇಗೆ ತಿಳಿದೀತು?

ಶುರುವಿನ ದಿನಗಳಲ್ಲಿ ತಲೆ ತಿರುಗುವುದು, ಮಂಪರು, ಕಣ್ಣು ಮಂಜಾಗುವುದು ಸಾಮಾನ್ಯ. ಇದರಲ್ಲಿ ನನಗೆ ಹೆಚ್ಚು ಭಯ ರಾತ್ರಿಯದು. ನಮ್ಮ ಮನೆಗಳಲ್ಲಿ ಪಾಯಖಾನೆ ಅಂಗಳದ ಆಚೆ. ನಡುವೆ ಎತ್ತರದ ಹೊಸ್ತಿಲು, ಎರಡು ಮೆಟ್ಟಿಲು, ಕರೆಂಟು ಇದ್ದರೆ ಉಂಟು. ರಾತ್ರಿ ಎರಡು ಗಂಟೆಗೆ ಮಂಪರಿನಲ್ಲಿ ಎದ್ದು ಬಿದ್ದರೆ ತೊಡೆಯ ಮೂಳೆ ಮುರಿದೀತು, ಹಾಸಿಗೆ ಹಿಡಿದಾರು. ಹಾಸಿಗೆಯ ಅಂಚಿಗೆ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಆಮೇಲೆ ನಿಲ್ಲಬೇಕು. ಕೈಗೆ ಸಿಗುವಂತೆ ಬ್ಯಾಟರಿ, ಕೋಲು. ಅಂಗಳದ ಬಕೆಟ್ಟು, ಚಪ್ಪಲಿಗಳನ್ನು ಮಲಗುವ ಮುಂಚೆ ಬದಿಗೆ ಸರಿಸುವುದು ಮೊಮ್ಮಕ್ಕಳ ಪಾಲಿನ ಕೆಲಸ. ಮೈಗೆ ಒಗ್ಗುವ ತನಕ ಅಜ್ಜ ಬೈಕು, ಟ್ರ್ಯಾಕ್ಟರು ಮುಟ್ಟಬಾರದು.

ಪಾದ ಊದುವುದು, ತೂಕ ಏರುವುದು ಕೂಡ ಉಂಟು. ಸಕ್ಕರೆ ಕಾಯಿಲೆಗೆ ಪಯೋಗ್ಲಿಟಜೋನ್ ತೆಗೆದುಕೊಳ್ಳುವವರಿಗೆ ಊತ ಇನ್ನೂ ಹೆಚ್ಚು; ಡಾಕ್ಟರಿಗೆ ತೋರಿಸಿ. ಉರಿ ತಗ್ಗಿತೆಂದು ನರ ವಾಸಿಯಾಯಿತು ಅಂದುಕೊಳ್ಳಬೇಡಿ. ಅಂಗಾಲಿನ ಸ್ಪರ್ಶ ಹೋಗಿದ್ದರೆ ಹೋದದ್ದೇ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಸಂಜೆಗೊಮ್ಮೆ ಅಂಗಾಲು ನೋಡುವುದನ್ನು ಬಿಡಬಾರದು.

ಸೆರೆ, ಸಾರಾಯಿ, ನಿದ್ರೆ ಗುಳಿಗೆ, ಟ್ರಮಾಡೋಲ್‌ನಂಥ ಕಡು ನೋವಿನ ಗುಳಿಗೆ, ಇವುಗಳ ಜೊತೆ ಪ್ರಿಗ್ಯಾಬಲಿನ್ ಸೇರಿದರೆ ಉಸಿರಾಟವೇ ಮಂದವಾಗಬಹುದು. 2019ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವೃದ್ಧರಿಗೂ ಶ್ವಾಸಕೋಶದ ತೊಂದರೆ ಇದ್ದವರಿಗೂ ಈ ಎಚ್ಚರಿಕೆ ಕೊಟ್ಟಿತು. ಅಜ್ಜನನ್ನು ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ ಎಂದರೆ ಕೂಡಲೇ 108ಕ್ಕೆ ಫೋನು ಮಾಡಬೇಕು. ಮುಖ, ತುಟಿ, ನಾಲಗೆ ಊದಿಕೊಂಡರೂ ಅಷ್ಟೇ.

ಅದೇ ವರ್ಷ ಏಪ್ರಿಲಿನಿಂದ ಬ್ರಿಟನ್ ಇದನ್ನು ನಿಯಂತ್ರಿತ ಔಷಧಗಳ ಸಾಲಿಗೆ ಸೇರಿಸಿತ್ತು. ನಮ್ಮದೇ ದೇಶದ ಪಂಜಾಬಿನಲ್ಲಿ ಹುಡುಗರು ಇದನ್ನು ಮತ್ತಿಗಾಗಿ ನುಂಗತೊಡಗಿ, ಹಲವು ಜಿಲ್ಲೆಗಳಲ್ಲಿ 75 ಮಿಲಿಗ್ರಾಂ ಮೀರಿದ ಕ್ಯಾಪ್ಸೂಲಿನ ಮಾರಾಟಕ್ಕೆ ನಿಷೇಧ ಹಾಕಬೇಕಾಯಿತು. ಕಿಸೆಯಲ್ಲಿ ಸ್ಟ್ರಿಪ್ ಇಟ್ಟು ಊರು ತಿರುಗುವ ಅಜ್ಜಂದಿರು ಇದನ್ನು ಗಮನಿಸಬೇಕು. ಸ್ಟ್ರಿಪ್ಪಿನ ಜಾಗ ಕೀಲಿ ಹಾಕಿದ ಕಪಾಟು. ಪುಟ್ಟ ಮಕ್ಕಳ ಕಣ್ಣಿಗೆ ಬಣ್ಣದ ಕ್ಯಾಪ್ಸೂಲು ಪೆಪ್ಪರಮಿಂಟಿನಂತೆಯೇ ಕಾಣುತ್ತದೆ.

ಇನ್ನು ನಿಲ್ಲಿಸುವ ವಿಷಯ. ನಮ್ಮ ಓಣಿಯ ಹಿರಿಯರೊಬ್ಬರು ಆರು ತಿಂಗಳು ತೆಗೆದುಕೊಂಡು, ‘ಈಗ ಆರಾಮ ಅದ’ ಎಂದು ಒಂದೇ ದಿನಕ್ಕೆ ಬಿಟ್ಟರು. ಮೂರು ರಾತ್ರಿ ನಿದ್ದೆಯಿಲ್ಲ, ಬೆವರು, ವಾಕರಿಕೆ, ಎದೆ ಢವಢವ. ಮನೆಯವರು ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿಸಿದರು! ಗಾಳಿಯೂ ಅಲ್ಲ, ಮಳೆಯೂ ಅಲ್ಲ. ಡಾಕ್ಟರು ಔಷಧವನ್ನು ಮತ್ತೆ ಶುರು ಮಾಡಿ, ಮೆಲ್ಲಗೆ ಇಳಿಸಿ ಬಿಡಿಸಿದರು. ಬಿಡುವುದಾದರೆ ಡಾಕ್ಟರು ಹೇಳಿದಂತೆ, ಕಡಿಮೆಯೆಂದರೂ ಒಂದು ವಾರ ಹಿಡಿದು, ಹಂತಹಂತವಾಗಿ ಬಿಡಬೇಕು. ಮೂರ್ಛೆರೋಗದವರು ಹೀಗೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಬಂದರೆ ಕೈಯಲ್ಲಿ ಕಬ್ಬಿಣ, ಮೂಗಿಗೆ ಈರುಳ್ಳಿ, ಚಪ್ಪಲಿ ಏನೂ ಬೇಡ. ಬಾಯಿಗೂ ಏನನ್ನೂ ತುರುಕಬೇಡಿ. ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ 108.

ಒಂದು ಹೊತ್ತಿನದು ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದನ್ನೇ ತೆಗೆದುಕೊಳ್ಳಿ. ಎರಡನ್ನು ಕೂಡಿಸಿ ನುಂಗುವುದು ಬೇಡ. ಅಪರೂಪಕ್ಕೆ ಕೆಲವರ ಮನಸ್ಸು ಈ ಔಷಧದಿಂದ ತೀರ ಕುಗ್ಗುತ್ತದೆ. ಅಜ್ಜಿ ಮಾತು ಬಿಟ್ಟು ಮೂಲೆ ಹಿಡಿದರೆ, ‘ಬದುಕು ಸಾಕಾಯ್ತು’ ಎಂದರೆ, ಮಕ್ಕಳೇ, ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳದೆ ದೊಡ್ಡವರಿಗೆ ಹೇಳಿ. 14416 ಟೆಲಿ-ಮಾನಸ್ ಸಂಖ್ಯೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೇ.

ಸ್ಟ್ರಿಪ್ಪಿನಲ್ಲಿ ಐದು ಕ್ಯಾಪ್ಸೂಲು ಉಳಿದಾಗಲೇ ಹೊಸದಕ್ಕೆ ಹೊರಡಿ. ಜಾತ್ರೆ, ಪಂಚಮಿ, ರಾಶಿ ಮಾಡುವ ದಿನಗಳಲ್ಲಂತೂ ಇನ್ನೂ ಮುಂಚೆ. ಜೇವರ್ಗಿಗೆ ಹೋಗುವ ಬಸ್ಸು ತಪ್ಪಿದ ದಿನವೇ ಡಬ್ಬಿ ಬರಿದಾಗಿರುತ್ತದೆ.