ಬಾಚುವವರು ಯಾರು?

ಬೆಂಗಳೂರಿನ ಬಹುಮಹಡಿ ವಸತಿಗಳ ಅಂಗಳದಲ್ಲಿ ಬೆಳಗಿನ ಹೊತ್ತು ನಿಂತರೆ, ನೆಲ ಗುಡಿಸುವಂತೆ ಕೂದಲು ಇಳಿಬಿಟ್ಟ, ಚಪ್ಪಟೆ ಮೂಗಿನ ಪುಟ್ಟ ನಾಯಿಗಳು ಹಲವು ಕಾಣಸಿಗುತ್ತವೆ. ಶಿಹ್ ತ್ಸು ಎಂಬುದು ಈ ತಳಿಯ ಹೆಸರು. ಚೀನೀ ಭಾಷೆಯಲ್ಲಿ ಸಿಂಹವೆಂದರ್ಥ. ಟಿಬೆಟಿನ ನಾಯಿಗಳ ನಂಟಿರುವ ಈ ತಳಿ ಬೀಜಿಂಗಿನ ಅರಮನೆಯಲ್ಲಿ ಬೆಳೆದದ್ದು. ಬೇಟೆಯೂ ಅಲ್ಲ, ಮಂದೆ ಕಾಯುವುದೂ ಅಲ್ಲ. ಮನುಷ್ಯನ ಮಡಿಲಲ್ಲಿ ಕೂರುವುದೇ ಅದರ ಕಸುಬು.

ನಮ್ಮ ಮುಧೋಳದ ನಾಯಿಯೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಮುಧೋಳದ ನಾಯಿಯ ಮೈಗಂಟಿದ ಗಿಡ್ಡ ಕೂದಲು ಬಯಲುಸೀಮೆಯ ಬಿಸಿಲಿಗೂ ಓಟಕ್ಕೂ ಒಗ್ಗಿದ್ದು. ಶಿಹ್ ತ್ಸುವಿನ ಉದ್ದಗೂದಲಾದರೋ ಮನುಷ್ಯನು ತನ್ನ ಕಣ್ಣಿನ ಸುಖಕ್ಕಾಗಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ್ದು. ತನ್ನ ಕೂದಲನ್ನು ತಾನೇ ನೋಡಿಕೊಳ್ಳುವ ಶಕ್ತಿ ಆ ಜೀವಿಗಿಲ್ಲ. ಆದುದರಿಂದ ಅದನ್ನು ಬಾಚುವುದು ಅಲಂಕಾರವಲ್ಲ, ನಾವು ತೀರಿಸಬೇಕಾದ ಋಣ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಈ ಕೆಲಸ ನನ್ನ ಪಾಲಿನದು. ಇದರ ಕೂದಲು ನೆಲಕ್ಕೆ ಉದುರುವುದು ಕಡಿಮೆ. ಉದುರಿದ್ದು ಒಳಗೇ ಸಿಕ್ಕಿಕೊಂಡು ಗಂಟಾಗುತ್ತದೆ. ಮೇಲ್ಮೈಯನ್ನಷ್ಟೇ ಬಾಚಿದರೆ ಸಾಲದು, ಪದರ ಪದರವಾಗಿ ಬಿಡಿಸಿ ಬುಡದವರೆಗೂ ಬಾಚಣಿಗೆ ಆಡಿಸಬೇಕು. ಗಂಟುಗಳನ್ನು ಬಿಡಿಸದೆ ಸ್ನಾನ ಮಾಡಿಸಿದರೆ ಅವು ಇನ್ನಷ್ಟು ಬಿಗಿಯುತ್ತವೆ. ಅವುಗಳಡಿಯಲ್ಲಿ ತೇವ ನಿಂತು ಚರ್ಮ ಹುಣ್ಣಾಗುತ್ತದೆ. ಉಬ್ಬಿದ ಕಣ್ಣುಗಳಿಗೆ ಕೂದಲು ಚುಚ್ಚದಂತೆ ನೋಡಿಕೊಳ್ಳಬೇಕು. ಜೋಲುಕಿವಿಗಳ ಒಳಗೂ ಕಣ್ಣಿಟ್ಟಿರಬೇಕು. ಉಣ್ಣೆಹುಳುಗಳಿಗೆ ಆ ಕೂದಲು ದಟ್ಟ ಕಾಡಿದ್ದಂತೆ.

ಇನ್ನು ಬೇಸಗೆ. ನಾಯಿ ಮೈತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಮೂಗು ಮೊಟಕಾದ ಈ ತಳಿಗೆ ಆ ದಾರಿಯೂ ಇಕ್ಕಟ್ಟು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಇದನ್ನು ಕಾದ ಬೀದಿಗೆ ಕರೆದೊಯ್ಯುವುದು ಜೀವಕ್ಕೇ ಅಪಾಯ. ಅಡುಗೆಮನೆಯಲ್ಲೂ ಎಚ್ಚರ ಬೇಕು: ಪಾಯಸದ ಒಣದ್ರಾಕ್ಷಿಯಾಗಲಿ, ಹುಳಿಯೊಳಗಿನ ಈರುಳ್ಳಿಯಾಗಲಿ ಯಾವ ನಾಯಿಗೂ ವಿಷವೇ. ಪ್ರೀತಿಯಿಂದ ಕೊಟ್ಟರೂ ವಿಷ ವಿಷವೇ ತಾನೆ?

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವುಂಟು. ಮಗುವಿಗೆ ಹೊಣೆಗಾರಿಕೆ ಬರಲೆಂದು ಹುಟ್ಟುಹಬ್ಬಕ್ಕೆ ಇಂತಹ ಮರಿಯನ್ನು ಕೊಡಿಸಿದೆವು ಎನ್ನುವ ತಂದೆತಾಯಿಗಳು ನನಗೆ ಆಗಾಗ ಸಿಗುತ್ತಾರೆ. ಮೂರು ದಶಕಗಳ ಕಾಲ ಪಾಠ ಹೇಳಿದವನಾಗಿ ಇದನ್ನು ನಾನು ಒಪ್ಪಲಾರೆ. ಪಾಟಿಯ ಮೇಲಿನ ತಪ್ಪನ್ನು ಒರೆಸಿ ಮತ್ತೆ ಬರೆಸಬಹುದು. ಮಗು ಮರೆತ ದಿನಗಳ ನೋವನ್ನು ನಾಯಿಯ ಮೈಯಿಂದ ಹಾಗೆ ಒರೆಸಲಾಗದು. ಹತ್ತು ವರ್ಷದ ಮಗುವಿಗೆ ಪರೀಕ್ಷೆಯುಂಟು, ಆಟವುಂಟು, ಬೇಸರವೂ ಉಂಟು. ಹಿರಿಯರು ದಿನವೂ ಕುಳಿತು ಬಾಚುವುದನ್ನು ಕಂಡು, ಪಕ್ಕದಲ್ಲಿ ಬಾಚಣಿಗೆ ಹಿಡಿದು ಕಲಿತರೆ ಅದು ಶಿಕ್ಷಣ. ಮರಿಯನ್ನು ಕೈಗಿತ್ತು ಹಿರಿಯರು ದೂರ ಸರಿದರೆ ಮಗು ಕಲಿಯುವುದು ಹೊಣೆಯನ್ನಲ್ಲ, ಹೊಣೆ ಜಾರಿಸುವುದನ್ನು. ಕೊನೆಗೆ ಬಾಚಣಿಗೆ ಸೇರುವುದು ಮೊಣಕಾಲು ನೋಯುವ ಅಜ್ಜಿಯ ಕೈಗೆ.

ಮರಿ ತರುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ನಾಯಿಗಳ ತಳಿ ಬೆಳೆಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರವನ್ನು ಕೇಳಿ ನೋಡುವುದು ಕೊಳ್ಳುವವರ ಕರ್ತವ್ಯ. ಅಂಗೈಯಗಲದ ಮರಿ ಮುದ್ದಾಗಿದೆಯೆಂದು ಕೊಂಡರೆ, ತಾಯಿಯ ಮಡಿಲಿನಿಂದ ಬೇಗ ಕಿತ್ತು ತರುವವರಿಗೆ ನಾವೇ ಕೂಲಿ ಕೊಟ್ಟಂತೆ.

ಹಾಗಾದರೆ ಈ ನಾಯಿಯನ್ನು ಸಾಕಲೇಬಾರದೇ? ಹಾಗೆನ್ನಲಾರೆ. ಒಂಟಿ ಮನೆಗೆ ಇದರಷ್ಟು ಸೌಮ್ಯವಾದ ಜೊತೆ ಅಪರೂಪ. ಆದರೆ ನೆಲ ಮುಟ್ಟುವ ಕೂದಲು ಪ್ರದರ್ಶನದ ಕಣಕ್ಕೆ ಬೇಕಾದೀತು, ನಮ್ಮ ಪಡಸಾಲೆಗೆ ಬೇಡ. ಅಂಗುಲದಷ್ಟು ಉಳಿಸಿ ಕತ್ತರಿಸಿದರೆ ಬಾಚುವ ಶ್ರಮವೂ ಇಳಿಯುತ್ತದೆ, ನಾಯಿಗೂ ಹಾಯೆನಿಸುತ್ತದೆ. ಚರ್ಮ ಕಾಣುವಂತೆ ಬೋಳಿಸಬಾರದು, ಬಿಸಿಲು ಸುಡುತ್ತದೆ. ಅಂದ ಕೆಟ್ಟಿತೆಂದು ಕೊರಗುವವರು, ಅಂದ ಯಾರಿಗಾಗಿ ಎಂದು ತಮ್ಮನ್ನೇ ಕೇಳಿಕೊಳ್ಳಲಿ.

ಈ ತಳಿಯ ನಾಯಿ ಹನ್ನೆರಡು, ಹದಿನಾಲ್ಕು ವರ್ಷ ಬದುಕುವುದು ಸಾಮಾನ್ಯ. ಮರಿ ತರುವ ಮುನ್ನ ಮನೆಮಂದಿಯೆಲ್ಲ ಕುಳಿತು, ಅಷ್ಟೂ ವರ್ಷ ಬಾಚುವವರು ಯಾರೆಂದು ತೀರ್ಮಾನಿಸಲಿ. ಮನೆಯ ಹಿರಿಯರೊಬ್ಬರು "ನಾನು" ಎಂದು ಕೈಯೆತ್ತದಿದ್ದರೆ ಮರಿಯನ್ನು ತರದಿರುವುದೇ ಅದಕ್ಕೆ ತೋರುವ ದಯೆ.